ಪಿತ್ತ ಅನ್ನಬೇಡ ಅಕ್ಕ

ರಾಣೆಬೆನ್ನೂರು
ಶುಕ್ರವಾರ, ರಾತ್ರಿ ಹತ್ತೂವರೆ

ಪ್ರೀತಿಯ ಅಕ್ಕ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಎರಡನೇ ಮಾತಿಗೇ "ಅದೆಲ್ಲಾ ಇರ್ಲಿ, ಮಕ್ಕಳು ಹ್ಯಾಂಗದಾರ ಹೇಳು" ಅಂತ ಮಾತು ತಿರುವಿಬಿಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಯಾರ ಕೈಲೂ ಓದಿಸಬೇಡ, ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನೀನೇ ಓದು.

ನಿನ್ನೆ ಬ್ಯಾಡಗಿಯ ನಿನ್ನ ಮನೆಯಲ್ಲಿ ಚಹಾ ಇಡಲು ಹೋಗಿ ಸಕ್ಕರೆ ಡಬ್ಬಿಯ ಹಿಂದೆ ಕೈ ಹಾಕಿದಾಗ ನಿನ್ನ ಗುಳಿಗೆಯ ಚೀಲ ಸಿಕ್ಕಿತು. ದಾವಣಗೆರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದು ಏಳು ತಿಂಗಳಾಯಿತು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಯ ಪಟ್ಟಿಯಲ್ಲಿ ಎರಡೇ ಎರಡು ಖಾಲಿಯಾಗಿವೆ. ಕೊಲೆಸ್ಟ್ರಾಲಿನ ಪಟ್ಟಿಯನ್ನು ನೀನು ಮುಟ್ಟಿಯೇ ಇಲ್ಲ. ಬಿಲ್ಲಿನ ಮೇಲಿನ ತಾರೀಕು ನೋಡಿದೆ, ನವೆಂಬರ್. ಈಗ ಫೆಬ್ರುವರಿ ಮುಗಿಯುತ್ತ ಬಂತು. ಪಟ್ಟಿಯ ಹಿಂಬದಿಗೆಲ್ಲ ಮೆಣಸಿನಕಾಯಿಯ ಕೆಂಪು ಧೂಳು ಕೂತಿತ್ತು. ಅದೇ ಕೈ ಕಣ್ಣಿಗೆ ತಾಗಿ, ಕದರಮಂಡಲಗಿ ದಾಟುವವರೆಗೂ ಬಸ್ಸಿನಲ್ಲಿ ಕಣ್ಣು ಉರಿಯುತ್ತಲೇ ಇತ್ತು. ಪಕ್ಕದವಳು "ಯಾಕವ್ವಾ, ಅಳಾಕ್ಹತ್ತೀ?" ಅಂದಳು. ಖಾರ ಹತ್ತೇತಿ ಅಂದೆ. ಖಾರವಷ್ಟೇ ಆಗಿರಲಿಲ್ಲ ಅಕ್ಕ.

ನಾನು ಪಟ್ಟಿ ಹಿಡಿದು ನಿಂತಾಗ ನೀನು ಹೊರಗೆ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದೆ. ಎಡಗೈಯಲ್ಲಿ ಕಾಯಿ, ಬಲಗೈ ಹೆಬ್ಬೆರಳಿನ ಉಗುರಲ್ಲಿ ತೊಟ್ಟು ಚಟ್ ಅಂತ ಮುರಿದು ಒಂದು ಕಡೆ ಕಾಯಿ, ಒಂದು ಕಡೆ ತುಂಬು. ಕಣ್ಣು ಅದರ ಮೇಲೆ ಇಲ್ಲದೆಯೂ ಕೈ ಮಾಡುವ ಕೆಲಸ. ಪೇಟೆಯ ದಿನ ಬೇರೆ, ಕೆಲಸ ಬಿಡಲಾರೆ ಎಂದು ನನಗೂ ಗೊತ್ತು. ಮಾಮಾನ ಎದುರಿಗೆ ಕೇಳುವುದು ಬೇಡ ಅನಿಸಿ ಸುಮ್ಮನೆ ಚಹಾ ಕುಡಿದು ಎದ್ದು ಬಂದೆ.

ಅವ್ವ ಹೋದ ದಿನ ನಿನಗೆ ನೆನಪಿದೆಯಲ್ಲ? 2009. ನೀನು ಊರಲ್ಲಿರಲಿಲ್ಲ, ಹತ್ತಿರ ಇದ್ದವಳು ನಾನು. ಆ ದಿನದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಹದಿನೈದು ದಿನದಿಂದ ಅವ್ವ "ಕೈಕಾಲು ಸೋತಾವ" ಅನ್ನುತ್ತಿದ್ದಳು. ಬಾವಿಯಿಂದ ಒಂದು ಕೊಡ ತರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದಳು. ರಾತ್ರಿ ನಿದ್ದೆ ಇಲ್ಲ, ಎದ್ದು ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ವಯಸ್ಸಾಯಿತು ಅಂದುಕೊಂಡೆವು. ಆ ದಿನ ಬೆಳಿಗ್ಗೆ ಬೆನ್ನು ಹಿಡಿದಿದೆ ಅಂದಳು, ಎರಡು ಭುಜದ ನಡುವೆ. ಆಮೇಲೆ ವಾಂತಿ. ಮೈಯೆಲ್ಲ ಬೆವರು, ಸೀರೆ ಬೆನ್ನಿಗೆ ಅಂಟಿತ್ತು. "ಪಿತ್ತ ಆಗೇತಿ, ನಿಂಬಿಹಣ್ಣು ಹಿಂಡಿ ಕೊಡು" ಅಂದಳು, ಕೊಟ್ಟೆ. ಜೀರಿಗೆ ನೀರು ಕೊಟ್ಟೆ. ಊರಿಗೆ ಬರುತ್ತಿದ್ದ ಡಾಕ್ಟರು ನೋಡಿ ಗ್ಯಾಸ್ ಅಂದರು, ಒಂದು ಇಂಜೆಕ್ಷನ್ ಮಾಡಿದರು. ನಾಲ್ಕು ಗಂಟೆಗೆ ಅಪ್ಪನಿಗೆ ಚಹಾ ಕೊಟ್ಟಿರಾ ಅಂತ ಕೇಳಿದಳು. ಐದೂಕಾಲಿಗೆ ಇರಲಿಲ್ಲ.

ಆಗ ನಾನು ನರ್ಸ್ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು ಅಕ್ಕ. ಎದೆ ಹಿಡಿದುಕೊಂಡು ಬಿದ್ದರೆ ಮಾತ್ರ ಹಾರ್ಟ್ ಅಟ್ಯಾಕ್ ಎಂದು ನನ್ನ ತಲೆಯಲ್ಲೂ ಕೂತಿತ್ತು. ಅವ್ವ ಒಮ್ಮೆಯೂ ಎದೆ ನೋವು ಅನ್ನಲಿಲ್ಲ.

ಆಮೇಲೆ ಓದಿದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೃದಯಾಘಾತವಾಗಿ ಬದುಕಿದ 515 ಹೆಂಗಸರನ್ನು ವಿಚಾರಿಸಿದ್ದರು. ನೂರರಲ್ಲಿ 95 ಮಂದಿಗೆ ಒಂದು ತಿಂಗಳು ಮೊದಲೇ ಏನಾದರೊಂದು ಸೂಚನೆ ಸಿಕ್ಕಿತ್ತು. 70 ಮಂದಿಗೆ ಎಂದೂ ಇಲ್ಲದ ಸುಸ್ತು. ಸುಮಾರು ಅರ್ಧದಷ್ಟು ಮಂದಿಗೆ ನಿದ್ದೆ ಕೆಟ್ಟಿತ್ತು. ಆ ಸಾಲುಗಳನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಪಡಸಾಲೆಯಲ್ಲಿ ಕತ್ತಲೆಯಲ್ಲಿ ಕೂತ ಅವ್ವ. ಹೆಂಗಸರಿಗೂ ಎದೆ ನೋವು ಬರುತ್ತದೆ, ಹೆಚ್ಚಿನವರಿಗೆ ಬರುತ್ತದೆ. ಆದರೆ ಅದು ಹಿಂಡಿದಂತೆ, ಭಾರ ಹೇರಿದಂತೆ ಬಂದು ಜೊತೆಗೆ ದವಡೆ, ಕುತ್ತಿಗೆ, ಬೆನ್ನು, ಭುಜ, ಹೊಟ್ಟೆಯ ಮೇಲ್ಭಾಗ ಎಲ್ಲಾದರೂ ಚಾಚಿಕೊಳ್ಳುತ್ತದೆ. ವಾಕರಿಕೆ, ಏದುಸಿರು, ತಣ್ಣನೆ ಬೆವರು ಮುಂದೆ ನಿಂತರೆ ಎದೆಯ ಮಾತು ಹಿಂದೆ ಬೀಳುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಗೊತ್ತಾಗದೆ ಹೋಗಬಹುದು. ನಿನಗೂ ಸಕ್ಕರೆ ಇದೆ.

ನಿನ್ನ ಕತೆಯೂ ಹಾಗೇ ಆಯಿತಲ್ಲ. ನಾಗರಪಂಚಮಿಗೆ ಉಂಡಿ ಕಟ್ಟುತ್ತಿದ್ದೆ. ದವಡೆ ಸೆಳೆಯಿತು, ಹಲ್ಲು ನೋವು ಅಂದುಕೊಂಡೆ. ಬೆವರು ಬಂತು, ಒಲೆಯ ಮುಂದೆ ಕೂತದ್ದಕ್ಕೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ನಾನು ಕೇಳಿದಾಗ ನೀನು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಪಾಕ ಬಂದಿತ್ತು, ಬಿಟ್ರ ಗಟ್ಟಿ ಆಗ್ತಿತ್ತು." ಉಂಡಿ ಕಟ್ಟಿ, ಡಬ್ಬಿ ತುಂಬಿ, ಪಾತ್ರೆ ತೊಳೆದಿಟ್ಟು ಆಮೇಲೆ ಮಾಮಾನಿಗೆ ಹೇಳಿದೆ. ಐದು ತಾಸು ಹೋಗಿತ್ತು. ಆ ಐದು ತಾಸಿನಲ್ಲಿ ರಕ್ತ ಸಿಗದ ಸ್ನಾಯು ಸತ್ತಿತು, ಅದು ಮತ್ತೆ ಹುಟ್ಟುವುದಿಲ್ಲ. ಎಕೋದಲ್ಲಿ ಪಂಪಿಂಗ್ 40 ಅಂತ ಬಂದದ್ದು ಅದಕ್ಕೇ. ಆರೋಗ್ಯವಂತರಿಗೆ ಅದು 55ರ ಮೇಲಿರುತ್ತದೆ. ನಿನ್ನನ್ನು ಬೈಯಲು ಬರೆಯುತ್ತಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣಿನ ನೋವು ಸರದಿಯಲ್ಲಿ ಕೊನೆಗೆ ನಿಲ್ಲುತ್ತದೆ. ನಿಲ್ಲಿಸುವವರು ಎಷ್ಟೋ ಸಲ ನಾವೇ.

ಇದು ನಮ್ಮಿಬ್ಬರ ಮನೆಯ ಮಾತಷ್ಟೇ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರು ದೇಶದ 50 ಊರುಗಳಲ್ಲಿ 20,937 ಹೃದ್ರೋಗಿಗಳ ಲೆಕ್ಕ ಇಟ್ಟು 2008ರಲ್ಲಿ ಪ್ರಕಟಿಸಿದ್ದರು. ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಅರ್ಧದಷ್ಟು ಜನಕ್ಕೆ 360 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹಿಡಿದಿತ್ತು. ಅಂದರೆ ಆರು ತಾಸು. ಆಸ್ಪತ್ರೆಯ ಒಳಗೆ ಬಂದ ಮೇಲೆ ಹೆಪ್ಪು ಕರಗಿಸುವ ಔಷಧಿ ಸಿಗಲು ಹಿಡಿದದ್ದು 50 ನಿಮಿಷ. ಕಾಲ ಹೋಗುವುದು ಅಡುಗೆಮನೆಯಲ್ಲಿ, ಗಾಡಿ ಹುಡುಕುವುದರಲ್ಲಿ, "ಸ್ವಲ್ಪ ತಡಿ ನೋಡೂಣು" ಅನ್ನುವುದರಲ್ಲಿ.

2025ರ ಜೂನ್‌ನಲ್ಲಿ ಹಾಸನದಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂತಲ್ಲ, ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ನಸುಕಿನಿಂದ ಸಾಲು ನಿಂತಿದ್ದರು. ಆ ದಿನಗಳಲ್ಲಿ ನಮ್ಮ ಕಡೆಯೂ ಇಸಿಜಿಗೆ ನೂಕುನುಗ್ಗಲು. ಬಂದವರಲ್ಲಿ ಗಂಡಸರೇ ಹೆಚ್ಚು. ಹೆಂಡಂದಿರು ಚೀಲ, ನೀರಿನ ಬಾಟಲಿ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಒಬ್ಬಾಕೆಯ ಪಾದ ಬಾತಿತ್ತು, ಮೂರು ಮೆಟ್ಟಿಲು ಹತ್ತಿದ್ದಕ್ಕೇ ಏದುತ್ತಿದ್ದಳು. "ನಿಮ್ಮದೂ ತೋರಿಸಿ ಯವ್ವಾ" ಅಂದೆ. "ನನಗೇನಾಗೇತ್ರೀ, ಇವರಿಗೆ ಹೆದರಿಕಿ ಆಗೇತಂತ ಬಂದೀನಿ" ಅಂದಳು. ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಬಿಪಿ 190 ಇತ್ತು.

ಇನ್ನೊಂದು ಮಾತು, ಇದನ್ನು ಯಾರೂ ಬರೆಯುವುದಿಲ್ಲ. ಇಸಿಜಿ ಅಂದರೆ ಎದೆಯ ಮೇಲೆ ಆರು ಕಡೆ ತಂತಿ ಅಂಟಿಸಬೇಕು, ಕುಪ್ಪಸ ಬಿಚ್ಚಬೇಕು. ಯಂತ್ರದ ಹತ್ತಿರ ಗಂಡಸು ನಿಂತಿದ್ದರೆ ನಮ್ಮ ಹೆಣ್ಣುಮಕ್ಕಳು "ನಾಳೆ ಬರ್ತೀನಿ" ಅಂತ ಎದ್ದು ಹೋಗುತ್ತಾರೆ. ನಾನೇ ಎಷ್ಟೋ ಜನರನ್ನು ಗೇಟಿನಿಂದ ವಾಪಸು ಕರೆತಂದಿದ್ದೇನೆ. ನಾಚಿಕೆ ತಪ್ಪಲ್ಲ. ಆದರೆ "ಪರದೆ ಎಳೀರಿ, ಸಿಸ್ಟರ್‌ನ ಕರೀರಿ" ಅಂತ ಕೇಳುವುದು ನಿನ್ನ ಹಕ್ಕು. ಐದು ನಿಮಿಷದ ಕೆಲಸ. ಒಂದು ಸಲದ ಇಸಿಜಿ ಸರಿ ಬಂದು ನೋವು ಹೋಗದಿದ್ದರೆ ಇನ್ನೊಂದು ಸಲ ಮಾಡಿ ಅನ್ನಬೇಕು, ಟ್ರೊಪೋನಿನ್ ಅನ್ನುವ ರಕ್ತಪರೀಕ್ಷೆ ಕೇಳಬೇಕು. ಕೆಲವು ಹೆಂಗಸರಲ್ಲಿ ದೊಡ್ಡ ರಕ್ತನಾಳ ಸ್ವಚ್ಛವಿದ್ದು ಕೂದಲಿನಂಥ ಸಣ್ಣ ನಾಳಗಳಲ್ಲಿ ತೊಂದರೆ ಇರುತ್ತದೆ. ಆಂಜಿಯೋಗ್ರಾಮ್ ಸರಿ ಇದೆ ಎಂದ ಮಾತ್ರಕ್ಕೆ ಅವರ ನೋವು ಸುಳ್ಳಾಗುವುದಿಲ್ಲ.

ಈಗ ಒಂದು ಕಷ್ಟದ ಮಾತಿಗೆ ಬರುತ್ತೇನೆ. 34ನೇ ವಯಸ್ಸಿಗೆ ನಿನ್ನ ಗರ್ಭಕೋಶ ತೆಗೆಸಿದರು, ಜೊತೆಗೆ ಎರಡೂ ಅಂಡಾಶಯಗಳನ್ನೂ. ಬಿಳಿಸೆರಗಿಗೆ ಹೋದವಳು ಅದನ್ನೆಲ್ಲ ತೆಗೆಸಿಕೊಂಡು ಬಂದೆ. "ಕ್ಯಾನ್ಸರ್ ಆಗಬಹುದು" ಅಂದರಂತೆ. ಹೃದಯದ ಮಾತು ಯಾರೂ ಎತ್ತಲಿಲ್ಲ. ಮುಟ್ಟು ತಾನಾಗಿ ನಿಲ್ಲುವವರೆಗೆ ಹೆಣ್ಣಿನ ದೇಹದ ಹಾರ್ಮೋನು ರಕ್ತನಾಳಗಳನ್ನು ಸ್ವಲ್ಪಮಟ್ಟಿಗೆ ಕಾಯುತ್ತದೆ. ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಹೆಂಗಸರಿಗೆ ಮೊದಲ ಹೃದಯಾಘಾತ ಆಗುತ್ತದೆ ಎಂದು 52 ದೇಶಗಳಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿದೆ. ಚಿಕ್ಕ ವಯಸ್ಸಿಗೇ ಅಂಡಾಶಯ ತೆಗೆದರೆ ಆ ಕಾವಲು ಒಂದೇ ದಿನಕ್ಕೆ ಹೋಗುತ್ತದೆ. ನಮ್ಮ ರಾಣೆಬೆನ್ನೂರು ಸುತ್ತಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಗರ್ಭಕೋಶ ತೆಗೆದದ್ದಕ್ಕೆ ನ್ಯಾಯ ಕೇಳಿ ಬೀದಿಗಿಳಿದದ್ದು ನೀನು ಪೇಪರಿನಲ್ಲಿ ನೋಡಿದ್ದೀ. ಅವರ ಬೆನ್ನು ನೋವು, ಸುಸ್ತಿನ ಬಗ್ಗೆ ಬರೆದರು. ಅವರಲ್ಲಿ ಅಂಡಾಶಯವನ್ನೂ ಕಳೆದುಕೊಂಡವರ ಬಿಪಿ, ಸಕ್ಕರೆ, ಕೊಲೆಸ್ಟ್ರಾಲನ್ನು ವರ್ಷಕ್ಕೊಮ್ಮೆ ಯಾರಾದರೂ ನೋಡುತ್ತಿದ್ದಾರಾ ಎಂಬುದೇ ನನ್ನ ಚಿಂತೆ. ನಿನ್ನದನ್ನು ಹದಿನೇಳು ವರ್ಷ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಹಾವೇರಿಯಲ್ಲಿರುವ ನಿನ್ನ ದೊಡ್ಡ ಮಗಳಿಗೂ ಇದನ್ನು ಹೇಳಬೇಕು. ಹೋದ ಹೆರಿಗೆಯಲ್ಲಿ ಅವಳಿಗೆ ಬಿಪಿ ಏರಿ, ಮುಖ ಬಾತು, ತಿಂಗಳು ತುಂಬುವ ಮೊದಲೇ ಹೆರಿಗೆ ಮಾಡಿಸಿದರು. ಕೂಸು ಚೆನ್ನಾಗಿದೆ, ಬಿಪಿ ಇಳಿಯಿತು, ಎಲ್ಲ ಮುಗಿಯಿತು ಅಂದುಕೊಂಡಿದ್ದಾಳೆ. ಬಸಿರಿನಲ್ಲಿ ಹಾಗೆ ಬಿಪಿ ಏರಿದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಬಸಿರಿನಲ್ಲಿ ಸಕ್ಕರೆ ಬಂದುಹೋದವರಿಗೂ ಸಂಭವ ಹೆಚ್ಚೇ. ಆ ಹೆರಿಗೆಯ ಕಾರ್ಡನ್ನು ಬಿಸಾಡದೆ ಇಡಲಿ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ಹೇಳಲಿ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ತಪ್ಪದೆ ನೋಡಿಸಲಿ.

ನಿನ್ನ ಗುಳಿಗೆಯ ವಿಷಯಕ್ಕೆ ಬರುತ್ತೇನೆ. ಯಾಕೆ ಬಿಟ್ಟೆ ಎಂದು ನಾನೇ ಊಹಿಸಿದ್ದೇನೆ. ನುಂಗಿದರೆ ಹೊಟ್ಟೆ ಉರಿಯುತ್ತದೆ. ನುಂಗುತ್ತಿದ್ದಾಗ ಕೈಮೇಲೆ ನೀಲಿ ಕಲೆ ಬೀಳುತ್ತಿದ್ದವು, ನೋಡಿದ್ದೆ. ಸೋಮವಾರ ಉಪವಾಸ, ಏಕಾದಶಿ ಉಪವಾಸ, ಖಾಲಿ ಹೊಟ್ಟೆಗೆ ಹೇಗೆ ನುಂಗಲಿ ಎಂದು ಬಿಟ್ಟದ್ದು ಹಾಗೇ ವಾರವಾಗಿ ತಿಂಗಳಾಗಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮಾಮಾನ ಮೊಣಕಾಲಿಗೆ ದುಡ್ಡು ಕೂಡಿಸುತ್ತಿದ್ದೀ.

ಕೇಳು. ಸ್ಟೆಂಟ್ ಅಂದರೆ ನಿನ್ನ ರಕ್ತನಾಳದೊಳಗೆ ಕೂತಿರುವ ಸಣ್ಣ ಲೋಹದ ಜಾಲರಿ. ಅದರ ಮೇಲೆ ಒಳಪದರ ಬೆಳೆದು ಮುಚ್ಚುವವರೆಗೆ ರಕ್ತ ಅದನ್ನು ಹೊರಗಿನ ವಸ್ತು ಅಂತಲೇ ತಿಳಿದು ಹೆಪ್ಪುಗಟ್ಟಲು ನೋಡುತ್ತದೆ. ಅದಕ್ಕೇ ಎರಡು ಗುಳಿಗೆ, ಸಾಮಾನ್ಯವಾಗಿ ಒಂದು ವರ್ಷ. ಆಮೇಲೆ ಡಾಕ್ಟರು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಕಾಯಂ ಮಾಡುತ್ತಾರೆ. ನಡುವೆ ನಾವಾಗಿ ಬಿಟ್ಟರೆ ಜಾಲರಿಯೊಳಗೇ ಹೆಪ್ಪು ಕೂತು ಎರಡನೇ ಆಘಾತ ಆಗಬಹುದು, ಅದು ಮೊದಲನೆಯದರಂತೆ ಪಾಕ ಆರುವವರೆಗೆ ಕಾಯುವುದಿಲ್ಲ. ಕೊಲೆಸ್ಟ್ರಾಲಿನ ಗುಳಿಗೆ ಉಳಿದ ನಾಳಗಳಲ್ಲಿ ಕೊಬ್ಬು ಒಡೆಯದಂತೆ ಕಾಯುತ್ತದೆ. ರಿಪೋರ್ಟಿನಲ್ಲಿ ಅಂಕಿ ಚೆನ್ನಾಗಿ ಬಂದರೂ ಅದನ್ನು ನಿಲ್ಲಿಸುವಂತಿಲ್ಲ. ಹೊಟ್ಟೆ ಉರಿದರೆ ಊಟವಾದ ಮೇಲೆ ನುಂಗು, ಹೊಟ್ಟೆ ಕಾಯುವ ಗುಳಿಗೆ ಬರೆಸೋಣ. ಸಣ್ಣ ನೀಲಿ ಕಲೆಗೆ ಹೆದರಬೇಡ. ಮಲ ಕಪ್ಪಾದರೆ, ರಕ್ತ ನಿಲ್ಲದಿದ್ದರೆ ಆ ದಿನವೇ ಹೇಳು. ಉಪವಾಸವಿದ್ದರೂ ಹಾಲು ಕುಡಿದು ಗುಳಿಗೆ ತಗೋ. ಕದರಮಂಡಲಗಿಯ ಕಾಂತೇಶ ದೇವರೂ ಮುನಿಯುವುದಿಲ್ಲ. ಖರ್ಚಿನ ಮಾತಾದರೆ ಜನೌಷಧಿ ಅಂಗಡಿಯಲ್ಲಿ ಇದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ. ಇನ್ನು ಮುಂದೆ ತಿಂಗಳು ತಿಂಗಳು ನಾನೇ ತಂದುಕೊಡುತ್ತೇನೆ. ಬೇಡ ಅನ್ನಬೇಡ.

ಊಟದ ಬಗ್ಗೆ ಊರೆಲ್ಲ ನಿನಗೆ ಉಪದೇಶ ಮಾಡಿದ್ದಾರೆ, ಖಾರ ಬಿಡು ಅಂತ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಅದರಲ್ಲಿ ಖಾರವೇ ಕಡಿಮೆ. ತಪ್ಪು ಅದರದ್ದಲ್ಲ. ಅದರ ಜೊತೆ ಒರಳಿಗೆ ಬೀಳುವ ಉಪ್ಪಿನದು. ದಿನಕ್ಕೆ ಎಲ್ಲ ಸೇರಿ ಒಂದು ಚಹಾ ಚಮಚೆ, 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿನ್ನ ತಟ್ಟೆಯನ್ನು ನಾನು ನಿನ್ನೆ ನೋಡಿದೆ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಮೊಳಕೆ ಕಾಳು ಗಂಡಸರಿಗೆ, ಮಕ್ಕಳಿಗೆ ಹೋಯಿತು. ಎರಡೂವರೆಗೆ ನೀನು ಕೂತಾಗ ಉಳಿದದ್ದು ಅನ್ನ, ಕೆಂಪು ಖಾರ, ಉಪ್ಪಿನಕಾಯಿ, ಎರಡು ಹಪ್ಪಳ. ಪಲ್ಯದ ಬೋಗುಣಿಯನ್ನು ರೊಟ್ಟಿಯ ತುಂಡಿನಿಂದ ಒರೆಸಿ ತಿಂದೆ. ಅಕ್ಕ, ನಿನ್ನ ಹೃದಯಕ್ಕೆ ಬೇಕಾದ ಊಟ ನಿನ್ನ ಕೈಯಲ್ಲೇ ಬೇಯುತ್ತದೆ. ಅಡುಗೆಯಾದ ಕೂಡಲೇ ನಿನ್ನ ಪಾಲಿನ ಪಲ್ಯ, ಎರಡು ರೊಟ್ಟಿ, ಒಂದು ಚಮಚೆ ಅಗಸಿ ಹಿಂಡಿ ತೆಗೆದು ಮುಚ್ಚಿಡು. ಆಮೇಲೆ ಬಡಿಸು. ಹಾಗೇ ಎಲೆ ಅಡಿಕೆ ಜೊತೆಗಿನ ಆ ಚಿಟಿಕೆ ತಂಬಾಕು. ಸೇದುವುದಿಲ್ಲವಲ್ಲ ಅನ್ನುತ್ತೀ, ಅಗಿದರೂ ಅದು ರಕ್ತನಾಳ ಬಿಗಿಯುತ್ತದೆ. ಇದೊಂದನ್ನು ಪೂರ್ತಿ ಬಿಡಬೇಕು.

ತುಂಬು ಬಿಡಿಸುವುದು ದುಡಿಮೆಯೇ, ಆದರೆ ಎಂಟು ತಾಸು ಒಂದೇ ಕಡೆ ಕೂತ ದುಡಿಮೆ, ಅದೂ ಘಾಟಿನಲ್ಲಿ. ಸಂಜೆ ಅರ್ಧ ತಾಸು ನಡೆ. ಮೊದಲ ವಾರ ಹತ್ತು ನಿಮಿಷ ಸಾಕು, ಮಾತಾಡುತ್ತ ನಡೆಯಲು ಆಗುವಷ್ಟು ವೇಗ. ಚೀಲ ಎತ್ತುವುದು ಬೇಡ.

ಇನ್ನೊಂದು ಕಂಡದ್ದು. ಆಸ್ಪತ್ರೆಯಿಂದ ಬಂದ ಮೇಲೆ ನೀನು ನಗುವುದು ಕಡಿಮೆಯಾಗಿದೆ. ನಿನ್ನೆ ಎದುರು ಮನೆಯಾಕೆ ಅಷ್ಟು ನಗಿಸಿದರೂ ತುಟಿಯಷ್ಟೇ ಅಲುಗಿತು. ಹೃದಯಾಘಾತವಾದ ಮೇಲೆ ಮನಸ್ಸು ಕುಗ್ಗುವುದು ಬಹಳ ಜನಕ್ಕೆ, ಅದರಲ್ಲೂ ಹೆಂಗಸರಿಗೆ ಆಗುತ್ತದೆ. ಅದಕ್ಕೂ ಔಷಧಿ ಇದೆ, ಮಾತಾಡಿ ಹಗುರ ಮಾಡುವವರಿದ್ದಾರೆ. ರಾತ್ರಿ "ಮತ್ತೆ ಆದರೆ?" ಎಂದು ಹೆದರಿಕೆಯಾದರೆ ನನಗೆ ಫೋನ್ ಮಾಡು, ಎಷ್ಟೇ ಹೊತ್ತಾಗಿರಲಿ.

ಮತ್ತೆ ಆದರೆ ಏನು ಮಾಡಬೇಕು ಅದನ್ನೂ ಬರೆದುಬಿಡುತ್ತೇನೆ. ಎದೆ, ದವಡೆ, ಬೆನ್ನು, ಭುಜ ಎಲ್ಲೇ ಹಿಂಡಿದಂತಾಗಿ ಹತ್ತು ನಿಮಿಷಕ್ಕೂ ಹೋಗದಿದ್ದರೆ, ತಣ್ಣನೆ ಬೆವರು ಬಂದರೆ, ಒಲೆ ಆರಿಸಿ ಕೂತುಬಿಡು. ಜೀರಿಗೆ ನೀರು, ಸೋಡಾ ಬೇಡ. 108ಕ್ಕೆ ಫೋನ್ ಮಾಡಿಸು. ಬೈಕಿನ ಹಿಂದೆ ಕೂತು ಹೋಗಬೇಡ, ನಡೆದುಕೊಂಡು ಅಂತೂ ಬೇಡವೇ ಬೇಡ. ದಾವಣಗೆರೆ, ಹುಬ್ಬಳ್ಳಿ ಎಂದು ದೂರದ ದೊಡ್ಡ ಆಸ್ಪತ್ರೆಯ ಲೆಕ್ಕ ಹಾಕುತ್ತ ಕೂರಬಾರದು, ಮೊದಲು ಹತ್ತಿರದಲ್ಲಿ ಇಸಿಜಿ ಆಗಬೇಕು. ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ, 2021ರ ಅಕ್ಟೋಬರ್ 29ರಂದು ಹೋದರಲ್ಲ, ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದು ತಾಲ್ಲೂಕು ಆಸ್ಪತ್ರೆಗಳಿಗೆ ಹಬ್ಬಿಸುತ್ತಿದೆ. ಅಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದಯತಜ್ಞರು ಕೆಲವೇ ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್, ಹೊರಗೆ ಸಾವಿರಾರು ರೂಪಾಯಿ ಆಗುವಂಥದ್ದು, ಬಿಟ್ಟಿಯಾಗಿ ಕೊಡುತ್ತಾರೆ. ಮೊದಲ ಮೂರು ತಾಸಿನಲ್ಲಿ ಅದರ ಗುಣ ಹೆಚ್ಚು, ಹನ್ನೆರಡು ತಾಸು ದಾಟಿದರೆ ಪ್ರಯೋಜನ ಅಷ್ಟಿಲ್ಲ. ಹೋದ ಕೂಡಲೇ "ಗ್ಯಾಸ್ ಆಗೇತಿ" ಅನ್ನಬೇಡ. "ನನಗೆ ಸ್ಟೆಂಟ್ ಹಾಕ್ಯಾರ, ಇಸಿಜಿ ಮಾಡ್ರಿ" ಅನ್ನು. ಈ ಒಂದು ಸಾಲನ್ನು ಮಾಮಾನಿಗೂ ಬಾಯಿಪಾಠ ಮಾಡಿಸು.

ಮಂಗಳವಾರ ನನಗೆ ರಜೆ. ಪೇಟೆಯ ದಿನವೂ ಅಲ್ಲ. ಬೆಳಿಗ್ಗೆ ಎಂಟರ ಬಸ್ಸಿಗೆ ಬ್ಯಾಡಗಿಯಿಂದ ಹೊರಡು, ಆಧಾರ್ ಕಾರ್ಡ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಟಿಕೆಟ್ ದುಡ್ಡಿಲ್ಲ. ದಾವಣಗೆರೆಗೆ ಹೋಗಿ ಎಕೋ ಮಾಡಿಸೋಣ, ಗುಳಿಗೆ ಬಿಟ್ಟದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳೋಣ, ನಾನು ಪಕ್ಕದಲ್ಲೇ ಇರುತ್ತೇನೆ. ಆದರೆ ಮಂಗಳವಾರದವರೆಗೆ ಕಾಯಬೇಡ. ನಾಳೆ ಬೆಳಿಗ್ಗೆಯೇ ನಾನು ಡಾಕ್ಟರಿಗೆ ಫೋನ್ ಹಚ್ಚುತ್ತೇನೆ. ಅವರು ಹೇಳಿದ್ದನ್ನು ಕೇಳಿಸಿಕೊಂಡು, ಊಟವಾದ ಮೇಲೆ, ನಾನು ಫೋನಿನಲ್ಲಿ ಇರುವಾಗಲೇ ಗುಳಿಗೆ ತಗೋ.

ಸಕ್ಕರೆ ಡಬ್ಬಿಯ ಹಿಂದಿರುವ ಚೀಲ, ಹಳೆಯ ರಿಪೋರ್ಟು, ರೇಷನ್ ಕಾರ್ಡು ಮರೆಯದೆ ತಾ. ಒಂಬತ್ತು ಗಂಟೆಗೆ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ನಿನ್ನ ತಂಗಿ